ಮೊದಲು ಫೇಲ್ ಆಗುವ ಟೆಸ್ಟ್, ಆಮೇಲೆ ಕೋಡ್: ನನ್ನ ಪ್ಯಾಚ್ ಮರ್ಜ್ ಆದದ್ದು ಹೀಗೆ

ಓಪನ್ ಸೋರ್ಸ್‌ಗೆ ಕೋಡ್ ಕಳಿಸಬೇಕಾದರೆ ದೊಡ್ಡ ಕಂಪನಿಯ ಬೆಂಬಲ ಬೇಕು, ಮಂಗಳೂರಲ್ಲಿ ಒಬ್ಬನೇ ಕೂತು ಆಗುವ ಕೆಲಸ ಅಲ್ಲ ಅಂತ ಹೇಳಿದವರೇ ಜಾಸ್ತಿ. ಈಗ ನನ್ನ ಹದಿನೈದರಷ್ಟು ಪ್ಯಾಚ್‌ಗಳು (ಕೋಡ್ ತಿದ್ದುಪಡಿಗಳು) ಒಂದು ಹೆಸರಾಂತ ಎಡಿಟರ್‌ನ ಮುಖ್ಯ ಬ್ರಾಂಚ್‌ಗೆ ಮರ್ಜ್ ಆಗಿವೆ, ಅಂದರೆ ಅದರ ಅಸಲಿ ಕೋಡ್‌ಗೆ ಸೇರಿವೆ. ಕನ್ನಡದ ಬಗ್ಗೆ ಏನಾದರೂ ಬಂದರೆ ಅದನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ನನ್ನನ್ನೇ ರಿವ್ಯೂಗೆ ಕರೆಯುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ. ಗಿಟ್, ಫೋರ್ಕ್, ಪುಲ್ ರಿಕ್ವೆಸ್ಟ್ ಎಲ್ಲ ನಿಮಗೆ ಗೊತ್ತು, ಅದನ್ನು ಬಿಡುತ್ತೇನೆ.

ಬಗ್ ಸಿಕ್ಕಿದ್ದು ರಥಬೀದಿಯ ಒಂದು ಡಿಟಿಪಿ ಅಂಗಡಿಯಲ್ಲಿ. ಆ ಎಡಿಟರ್‌ನಲ್ಲಿ ತೆರೆದ ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ 'ರ‍್ಯಾಂಕ್' ಅಂತ ಹುಡುಕಿದರೆ ಅರ್ಧದಷ್ಟು ಮಾತ್ರ ಸಿಗುತ್ತಿತ್ತು. ತೆರೆಯ ಮೇಲೆ ಎಲ್ಲವೂ ಒಂದೇ ಥರ. ಒಳಗೆ ನೋಡಿದರೆ ಎರಡು ಕ್ರಮ. ಒಂದರಲ್ಲಿ ರ, ಝೀರೋ ವಿಡ್ತ್ ಜಾಯ್ನರ್ (ಅಕ್ಷರ ಹೇಗೆ ಕೂಡಬೇಕು ಅಂತ ಹೇಳುವ, ಕಣ್ಣಿಗೆ ಕಾಣದ ಗುರುತು), ಆಮೇಲೆ ವಿರಾಮ (ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ). ಇನ್ನೊಂದರಲ್ಲಿ ರ, ವಿರಾಮ, ಆಮೇಲೆ ಜಾಯ್ನರ್. ಮೊದಲನೆಯದು ಯುನಿಕೋಡ್ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಮಾನದಂಡ) ಹೇಳುವ ಕ್ರಮ, ಎರಡನೆಯದು ಹಳೆಯ ರೂಢಿ. ಅಕ್ಷರಗಳನ್ನು ತೆರೆಯ ಮೇಲೆ ಜೋಡಿಸುವ ಲೈಬ್ರರಿ ಹಾರ್ಫ್‌ಬಝ್ ಎರಡನ್ನೂ ಒಂದೇ ರೀತಿ ತೋರಿಸುತ್ತದೆ, ಅದಕ್ಕೇ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಯುನಿಕೋಡ್‌ನ ಎನ್‌ಎಫ್‌ಸಿ ವಿಧಾನದಲ್ಲಿ ನಾರ್ಮಲೈಸ್ ಮಾಡಿದರೂ ಈ ಎರಡು ಒಂದಾಗುವುದಿಲ್ಲ.

ಮೊದಲು ಕಳಿಸಿದ ಪ್ಯಾಚ್ ಒಂಬೈನೂರು ಸಾಲಿನ ಹತ್ತಿರ ಇತ್ತು. ಹುಡುಕಾಟದ ಕೋಡನ್ನೇ ಹೊಸದಾಗಿ ಬರೆದು, ಜಾಯ್ನರ್‌ಗಳನ್ನೆಲ್ಲ ತೆಗೆದುಹಾಕಿ ಹೋಲಿಸುವ ದಾರಿ. ಐದಾರು ತಿಂಗಳು ಅದನ್ನು ಯಾರೂ ಮುಟ್ಟಲಿಲ್ಲ. ಎರಡು ವಾರಕ್ಕೊಮ್ಮೆ ಬೇರೆಯವರ ಬದಲಾವಣೆಯ ಜೊತೆ ಕಾನ್‌ಫ್ಲಿಕ್ಟ್, ಮತ್ತೆ ರೀಬೇಸ್ ಮಾಡಿ ಹೊಸ ಕೋಡ್‌ಗೆ ಹೊಂದಿಸುವುದು. ಕೊನೆಗೆ ಮುಚ್ಚಿದರು. ಎರಡನೆಯ ಸಲ ನೂರೈವತ್ತು ಸಾಲಿಗೆ ಇಳಿಸಿದೆ. ಆಗ ರಿವ್ಯೂ ಮಾಡಿದವರು ಕೇಳಿದ್ದು ಒಂದೇ ಪ್ರಶ್ನೆ: ನನಗೆ ಕನ್ನಡ ಓದಲು ಬರುವುದಿಲ್ಲ, ಇದು ಸರಿ ಅಂತ ನಾನು ಹೇಗೆ ನಂಬಲಿ? ನ್ಯಾಯವಾದ ಪ್ರಶ್ನೆ ಅಲ್ವಾ? ಕೋಡ್ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಉತ್ತರ ಕೋಡ್‌ನಲ್ಲಿ ಇರುವುದಿಲ್ಲ.

ಹಾಗಾಗಿ ಮೂರನೆಯ ಸಲ ಕೋಡನ್ನೇ ಕಳಿಸಲಿಲ್ಲ. ಬರೀ ಟೆಸ್ಟ್ (ಕೋಡ್ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವ ಪುಟ್ಟ ಕೋಡ್) ಕಳಿಸಿದೆ, ಅದೂ ಫೇಲ್ ಆಗುವ ಟೆಸ್ಟ್. ಕದ್ರಿಯ ಹತ್ತಿರ ಚಹಾ ಕುಡಿಯುತ್ತಾ ಇದನ್ನು ಹೇಳಿದಾಗ ಗೆಳೆಯನೊಬ್ಬ, "ಎಂತ ಮಾರಾಯ, ಫೇಲ್ ಆಗುವ ಟೆಸ್ಟನ್ನು ಯಾರಾದ್ರೂ ತಗೊಳ್ತಾರಾ? ಸಿಐ ಕೆಂಪಾಗ್ತದೆ ಅಷ್ಟೆ" ಅಂದ. ಸಿಐ ಅಂದರೆ ಕೋಡ್ ಕಳಿಸಿದಾಗ ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆ. ಅದು ಕೆಂಪಾಗಲಿಲ್ಲ. ಸದ್ಯಕ್ಕೆ ಫೇಲ್ ಆಗುವುದು ಗೊತ್ತಿದೆ ಅಂತ ಗುರುತು ಹಾಕುವ ಸೌಲಭ್ಯ ಹಲವು ಟೆಸ್ಟ್ ಫ್ರೇಮ್‌ವರ್ಕ್‌ಗಳಲ್ಲಿ ಇದ್ದೇ ಇದೆ. ಟೆಸ್ಟ್‌ನಲ್ಲಿ ಅಕ್ಷರಗಳ ಬದಲು ಕೋಡ್‌ಪಾಯಿಂಟ್‌ಗಳನ್ನೇ (ಅಕ್ಷರಗಳ ಯುನಿಕೋಡ್ ಸಂಖ್ಯೆ) ಬರೆದೆ, ಪ್ರತಿಯೊಂದಕ್ಕೂ ಪಕ್ಕದಲ್ಲಿ ಹೆಸರು. ಕನ್ನಡ ಬಾರದವರೂ ಸಂಖ್ಯೆ ಓದಿ ಒಪ್ಪಬಹುದು. ವಾರದೊಳಗೆ ಮರ್ಜ್ ಆಯ್ತು. ಬಗ್ ಇದೆ ಅಂತ ಪ್ರಾಜೆಕ್ಟೇ ಒಪ್ಪಿಕೊಂಡ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ.

ಆಮೇಲಿನ ಕೋಡ್ ನಲವತ್ತು ಸಾಲು. ಹುಡುಕುವ ಪದ, ಹುಡುಕುವ ಜಾಗ ಎರಡರಲ್ಲೂ ಹಳೆಯ ಕ್ರಮವನ್ನು ಹೊಸ ಕ್ರಮಕ್ಕೆ ತಿರುಗಿಸುವುದು, ಅಷ್ಟೆ. ಎರಡು ಕ್ರಮದಲ್ಲೂ ಮೂರೇ ಕೋಡ್‌ಪಾಯಿಂಟ್, ಉದ್ದ ಬದಲಾಗುವುದಿಲ್ಲ, ಆದ್ದರಿಂದ ಸಿಕ್ಕ ಪದದ ಮೇಲಿನ ಹೈಲೈಟ್ ಜಾರುವುದಿಲ್ಲ. ಜಾಯ್ನರ್ ತೆಗೆದುಹಾಕುವ ದಾರಿಯಲ್ಲಿ ಈ ತೊಂದರೆ ಇತ್ತು. ಎಲ್ಲ ಭಾರತೀಯ ಲಿಪಿಗೂ ಹಾಕಬಹುದಲ್ಲಾ ಅಂತ ಕೇಳಿದರು. ಬೇಡ ಅಂದೆ. ದೇವನಾಗರಿಯಲ್ಲಿ ವಿರಾಮದ ನಂತರದ ಜಾಯ್ನರ್ ಅರ್ಧಾಕ್ಷರ ಕೊಡುತ್ತದೆ, ಹಳೆಯ ಮಲಯಾಳಂ ಪಠ್ಯದಲ್ಲಿ ಚಿಲ್ಲು (ಸ್ವರವಿಲ್ಲದ ವ್ಯಂಜನ) ಬರೆಯುತ್ತಿದ್ದದ್ದೇ ಹಾಗೆ. ಕನ್ನಡದ ರ-ಕಾರಕ್ಕೆ ಮಾತ್ರ ಕಟ್ಟಿಹಾಕಿದೆ. ಆ ಉತ್ತರ ಕೊಟ್ಟ ದಿನದಿಂದ ಅಲ್ಲಿ ನನ್ನ ಮಾತಿಗೆ ತೂಕ ಬಂತು.

ಕಮಿಟ್ ಮೆಸೇಜ್‌ಗೆ (ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಕೋಡ್‌ಗಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಮೊದಲ ಸಾಲು ಐವತ್ತು ಅಕ್ಷರದೊಳಗೆ, ಒಂದು ಖಾಲಿ ಸಾಲು, ಆಮೇಲೆ ಯಾಕೆ ಅನ್ನುವುದು. ಏನು ಬದಲಾಯಿತು ಅಂತ ಡಿಫ್ (ಹಳೆಯ, ಹೊಸ ಕೋಡ್‌ನ ವ್ಯತ್ಯಾಸದ ಪಟ್ಟಿ) ಹೇಳುತ್ತದೆ. ಈ ಕೋಡ್ ಕಳಿಸುವ ಹಕ್ಕು ನನಗಿದೆ ಅಂತ ಹೆಸರು ಹಾಕುವ ಸೈನ್ಡ್-ಆಫ್-ಬೈ ಸಾಲು ಮರೆಯಬೇಡಿ. 2004ರಲ್ಲಿ ಲಿನಕ್ಸ್ ಕರ್ನಲ್‌ನವರು ಶುರುಮಾಡಿದ್ದು, ಈಗ ಎಷ್ಟೋ ಕಡೆ ಅದಿಲ್ಲದೆ ಸಿಐ ದಾಟುವುದಿಲ್ಲ. ಎಐ ಬರೆದ ಕೋಡ್ ಕಳಿಸುವ ಮೊದಲು ಆ ಪ್ರಾಜೆಕ್ಟ್‌ನ ನಿಯಮ ನೋಡಿ. ಗೆಂಟೂ ಅನ್ನುವ ಲಿನಕ್ಸ್ ಪ್ರಾಜೆಕ್ಟ್ 2024ರಲ್ಲೇ ಬೇಡ ಅಂದಿದೆ. ನಾನು ಒಮ್ಮೆ ಎಐಯಿಂದ ಟೆಸ್ಟ್ ಬರೆಸಿ ನೋಡಿದೆ, ಜಾಯ್ನರ್‌ನ ಎರಡು ಕ್ರಮವನ್ನೂ ಅದು ಕಲಸಿಬಿಟ್ಟಿತು.

ಖರ್ಚಿನ ವಿಷಯ. ಎಂಟು ಜಿಬಿ ಲ್ಯಾಪ್‌ಟಾಪ್‌ನಲ್ಲಿ ಎಡಿಟರ್‌ನ ಪೂರ್ತಿ ಬಿಲ್ಡ್‌ಗೆ (ಕೋಡನ್ನು ಓಡುವ ಪ್ರೋಗ್ರಾಂ ಆಗಿಸಲು) ಎರಡೂವರೆ ಗಂಟೆ. ರ‍್ಯಾಮ್‌ಗೆ ಮೂರೂವರೆ ಸಾವಿರ, ಎಸ್‌ಎಸ್‌ಡಿಗೆ ನಾಲ್ಕು. ಮೂರ್ನಾಲ್ಕು ತಿಂಗಳು ಬಾಡಿಗೆ ಸರ್ವರ್, ಏಳು ಸಾವಿರ ಹೋಗಿರಬೇಕು. ಜೂನ್, ಜುಲೈ ಮಳೆಗೆ ಕರೆಂಟ್ ಹೋದರೆ ಬಿಲ್ಡ್ ಅರ್ಧದಲ್ಲೇ ಸಾಯುತ್ತದೆ, ಇನ್ವರ್ಟರ್ ಬ್ಯಾಟರಿಗೆ ಹದಿನಾಲ್ಕು. ಒಟ್ಟು ಮೂವತ್ತು ಸಾವಿರದ ಒಳಗೆ. ನಿಜವಾಗಿ ಸಮಯ ಉಳಿಸಿದ್ದು ಮಾತ್ರ ಕಾಸಿಲ್ಲದ ಸಿ-ಕ್ಯಾಶ್, ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟುಕೊಳ್ಳುವ ಟೂಲ್. ಎರಡನೆಯ ಬಿಲ್ಡ್ ಹದಿನೈದು ನಿಮಿಷಕ್ಕೆ ಬಂತು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ನಲ್ಲೂ ರಾತ್ರಿಯಿಡೀ ಓಡಿಸಿದೆ, ಬೆಳಿಗ್ಗೆ ನೋಡಿದರೆ ಮೆಮೊರಿ ಸಾಲದೆ ನಿಂತಿತ್ತು. ಪುಕ್ಕಟೆ ಕೆಲಸ ಯಾಕೆ ಅಂತ ಕೇಳಿದವರಿಗೆ ಒಂದು ಲೆಕ್ಕ: ಆ ಪ್ಯಾಚ್ ನೋಡಿಯೇ ಹೊರದೇಶದ ಒಬ್ಬರು ಎರಡು ತಿಂಗಳ ಕೆಲಸ ಕೊಟ್ಟರು, ಒಂದೂವರೆ ಲಕ್ಷದ ಹತ್ತಿರ ಬಂತು.

ಯಾವಾಗ ಕಳಿಸಬೇಕು, ಸುಮ್ಮನಿರುವ ರಿವ್ಯೂವರ್‌ಗೆ ಎಷ್ಟು ದಿನಕ್ಕೆ ಹೇಗೆ ನೆನಪಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನೀವು ತಿದ್ದಲಿರುವ ಫೈಲ್‌ನ ಗಿಟ್ ಲಾಗ್ (ಹಿಂದಿನ ಬದಲಾವಣೆಗಳ ಪಟ್ಟಿ) ಓದಿ, ಅರ್ಧ ನಿಮಗೇ ತಿಳಿಯುತ್ತದೆ. ಮುಚ್ಚಿಹೋದ ಪುಲ್ ರಿಕ್ವೆಸ್ಟ್‌ಗಳನ್ನೂ ಓದಿ, ಕಾಂಟ್ರಿಬ್ಯೂಟಿಂಗ್ ಫೈಲ್‌ನಲ್ಲಿ ಬರೆಯದ ನಿಯಮಗಳೆಲ್ಲ ಅಲ್ಲಿವೆ.

ಈಗ ಕೈ ಹಾಕಿರುವುದು ತುಳು ಲಿಪಿಗೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿತು. ಅದರ ಅಕ್ಷರಗಳು ಇರುವುದು ಮೊದಲ ಅರುವತ್ತೈದು ಸಾವಿರ ಚಿಲ್ಲರೆ ಜಾಗಗಳ ಆಚೆ, ಅಕ್ಷರಗಳನ್ನು 16 ಬಿಟ್‌ನ ಯೂನಿಟ್‌ಗಳಲ್ಲಿ ಇಡುವ ಯುಟಿಎಫ್-16ರಲ್ಲಿ ಒಂದೊಂದಕ್ಕೂ ಎರಡು ಯೂನಿಟ್ ಬೇಕು. ಎಡಿಟರ್‌ನ ಹುಡುಕಾಟ ಅಲ್ಲಿ ಒಂದು ಸ್ಥಾನ ಆಚೀಚೆ ಆಗುತ್ತಿದೆ. ಫೇಲ್ ಆಗುವ ಟೆಸ್ಟ್ ಕಳೆದ ವಾರ ಕಳಿಸಿದೆ. ಸಿಐ ಹಸಿರು, ರಿವ್ಯೂ ಬಾಕಿ.