ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂತುಕೊಳ್ಳಿ

ನಮ್ಮ ಚಿಕ್ಕಪ್ಪನಿಗೆ ಲಕ್ವ ಹೊಡೆದಾಗ ಅವರ ಮನೆಯ ಶೋಕೇಸಿನಲ್ಲಿ ಬಿಪಿ ಮಷಿನ್ ಇತ್ತು. ಮಗಳು ತಂದುಕೊಟ್ಟದ್ದು. ವರ್ಷದಿಂದ ಯಾರೂ ಮುಟ್ಟದೆ ಒಳಗಿನ ಸೆಲ್ ಸೋರಿಹೋಗಿತ್ತು. ಚಿಕ್ಕಪ್ಪ ಮಾತ್ರೆ ನಿಲ್ಲಿಸಿಯೂ ಮೂರು ತಿಂಗಳಾಗಿತ್ತು. "ಹೋದ ಸಲ ನಾರ್ಮಲ್ ಬಂದಿತ್ತಲ್ಲ, ಇನ್ನೆಂಥ ಮಾತ್ರೆ" ಅಂದಿದ್ದರಂತೆ. ಮಾತ್ರೆ ನುಂಗುತ್ತಿದ್ದುದರಿಂದಲೇ ನಾರ್ಮಲ್ ಬಂದಿತ್ತು ಅಂತ ಅವರಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕಿತ್ತು. ನಾನೂ ಹೇಳಲಿಲ್ಲ.

ಬಿಪಿ ಏರಿದ್ದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ತಲೆ ನೋಯಬೇಕು, ಸುತ್ತು ಬರಬೇಕು ಅಂತೇನಿಲ್ಲ. ಒಳಗೊಳಗೇ ರಕ್ತನಾಳಗಳು ಗಟ್ಟಿಯಾಗುತ್ತಾ, ಕಿರಿದಾಗುತ್ತಾ ಹೋಗುತ್ತವೆ. ಒಂದು ದಿನ ಮಿದುಳಿನ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಎರಡಕ್ಕೂ ನಾವು ಲಕ್ವ ಅನ್ನುತ್ತೇವೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೊಲೆಸ್ಟ್ರಾಲ್ ಹೀಗೆ ಕಾರಣಗಳು ಹಲವು. ಎಲ್ಲಕ್ಕಿಂತ ದೊಡ್ಡದು ಬಿಪಿ. ಅದನ್ನು ಮನೆಯಲ್ಲೇ ಅಳೆಯಬಹುದು, ಆದರೆ ಸರಿಯಾಗಿ ಅಳೆಯಬೇಕು.

ಮೊದಲು ಮಷಿನ್

ತೋಳಿಗೆ ಕಟ್ಟುವಂಥದ್ದನ್ನೇ ಕೊಳ್ಳಿ. ಮಣಿಕಟ್ಟಿನದು ಅಷ್ಟು ನಂಬಿಕೆಯದ್ದಲ್ಲ. ಅಂಗಡಿಗೆ ಹೋಗುವ ಮುಂಚೆ ಟೈಲರ್ ಟೇಪಿನಲ್ಲಿ ತೋಳಿನ ಸುತ್ತಳತೆ ನೋಡಿಕೊಳ್ಳಿ. ಮಾಮೂಲಿ ಪಟ್ಟಿ 22ರಿಂದ 32 ಸೆಂ.ಮೀ. ತೋಳಿಗೆ ಸರಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಒಮ್ಮೆ ಡಾಕ್ಟರ ಹತ್ತಿರ ಮಷಿನ್ ಒಯ್ದು ಅವರದರ ಜೊತೆ ತಾಳೆ ನೋಡಿ.

ಕೂರುವುದೇ ಮುಖ್ಯ

ಹೆಚ್ಚಿನ ಮನೆಗಳಲ್ಲಿ ತಪ್ಪಾಗುವುದು ಇಲ್ಲೇ. ಅಡುಗೆಮನೆಯಿಂದ ಬಂದ ಅಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಸೀರೆಯ ಬ್ಲೌಸಿನ ತೋಳಿನ ಮೇಲೇ ಪಟ್ಟಿ. ಮಷಿನ್ ಗುಂಯ್ ಅನ್ನುತ್ತಿರುವಾಗ "ಸಾರಿಗೆ ಒಗ್ಗರಣೆ ಹಾಕಿದೆಯಾ" ಅಂತ ಸೊಸೆಯನ್ನು ಕೇಳುತ್ತಾರೆ. ಬಂದ ಅಂಕಿ ನೋಡಿ ಮನೆಯವರೆಲ್ಲ ಗಾಬರಿ.

ಹೀಗೆ ಮಾಡಿ. ಅಳೆಯುವ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು, ವಾಕಿಂಗ್ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿ. ಕಾಲ ಮೇಲೆ ಕಾಲು ಹಾಕಬೇಡಿ. ಐದು ನಿಮಿಷ ಏನೂ ಮಾಡಬೇಡಿ, ಮೊಬೈಲನ್ನೂ ನೋಡಬೇಡಿ.

ತೋಳನ್ನು ಬರಿದು ಮಾಡಿ, ಮೊಣಕೈ ಮಡಚುವ ಗೆರೆಗಿಂತ ಎರಡು ಬೆರಳು ಮೇಲೆ ಪಟ್ಟಿ ಕಟ್ಟಿ. ಕೈಯನ್ನು ಮೇಜಿನ ಮೇಲಿಟ್ಟು, ಬೇಕಾದರೆ ಅಡಿಗೆ ದಿಂಬು ಕೊಡಿ. ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಕೈ ಜೋತುಬಿಟ್ಟರೆ ಅಂಕಿ ಜಾಸ್ತಿ ಬರುತ್ತದೆ. ಪಟ್ಟಿಯೊಳಗಿನ ಗಾಳಿಯಲ್ಲಿ ನಾಡಿಯ ಮಿಡಿತವನ್ನು ಹಿಡಿದು ಮಷಿನ್ ಲೆಕ್ಕ ಹಾಕುತ್ತದೆ. ಮಾತಾಡಿದರೆ, ಅಲುಗಾಡಿದರೆ ಆ ಲೆಕ್ಕ ಕೆಡುತ್ತದೆ.

ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆಯೂ ಅದೇ ತೋಳು. ಲಕ್ವ ಆದವರಿಗೆ ಮಾತ್ರ ಶಕ್ತಿ ಇರುವ ಕೈಯೇ ಸರಿ. ಚಿಕ್ಕಪ್ಪ ಈಗ ಎಡಗೈ ಚಾಚುತ್ತಾರೆ.

ಒಂದು ಅಂಕಿಗೆ ಹೆದರಬೇಡಿ

ಬೆಳಿಗ್ಗೆ ಮಾತ್ರೆ ತಗೊಳ್ಳುವ ಮುಂಚೆ ಎರಡು ಸಲ, ಸಂಜೆ ಎರಡು ಸಲ. ನಡುವೆ ಒಂದು ನಿಮಿಷ ಬಿಡಿ. ಹೀಗೆ ಏಳು ದಿನ. ಹಾಲಿನ ಲೆಕ್ಕದ ಪುಸ್ತಕದಂಥ ಒಂದು ಚಿಕ್ಕ ಪುಸ್ತಕ ಇಟ್ಟು ತಾರೀಕು, ಹೊತ್ತು, ಎರಡೂ ಅಂಕಿ, ನಾಡಿ ಬರೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಎಲ್ಲವನ್ನೂ ಬರೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪುಸ್ತಕ ಹಿಡಿದು ಡಾಕ್ಟರನ್ನು ಕಾಣಿ. ಆಸ್ಪತ್ರೆಯ ಗಡಿ 140/90. ಅಲ್ಲಿ ಗಾಬರಿಗೆ ಸ್ವಲ್ಪ ಏರುತ್ತದೆ, ಅದಕ್ಕೇ ಈ ವ್ಯತ್ಯಾಸ.

180/120 ದಾಟಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಕಣ್ಣು ಮಂಜಾಗುವುದು ಇದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಹಲವು ಮಷಿನ್‌ಗಳು ನಾಡಿ ತಾಳ ತಪ್ಪಿದರೆ ಪರದೆಯಲ್ಲಿ ಹೃದಯದ ಗುರುತು ತೋರಿಸುತ್ತವೆ. ಅದು ಮತ್ತೆ ಮತ್ತೆ ಬಂದರೆ ಇಸಿಜಿ ಮಾಡಿಸಿ. ಹೃದಯದ ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಸುಮ್ನೆ ನಡುಗುತ್ತಿದ್ದರೆ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹರಿದುಹೋಗಿ ಮಿದುಳಿನ ನಾಳಕ್ಕೆ ಸಿಕ್ಕಿಕೊಳ್ಳಬಹುದು. ಅದನ್ನು ತಡೆಯಲು ಔಷಧಿ ಇದೆ.

ಊಟ, ಮಾತ್ರೆ

ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಮ್ ದಾಟಬಾರದು, ಅಂದರೆ ಒಂದು ಟೀ ಚಮಚದೊಳಗೆ. ಸಾರು ಪಲ್ಯದಲ್ಲೇ ಅಷ್ಟಾಗಿಬಿಡುತ್ತದೆ ಅಲ್ವಾ? ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಬೇಕರಿ ತಿಂಡಿ ಎಲ್ಲ ಅದರ ಮೇಲಿನದ್ದು. ಎಲೆಗೆ ಉಪ್ಪು ಬಡಿಸುವುದನ್ನು ಮೊದಲು ನಿಲ್ಲಿಸಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ನೋವಿನ ಮಾತ್ರೆಗಳಲ್ಲೂ ಹಲವು ಬಿಪಿ ಏರಿಸುತ್ತವೆ. ಬಿಪಿ ಮಾತ್ರೆಯನ್ನಂತೂ ಡಾಕ್ಟರನ್ನು ಕೇಳದೆ ಬಿಡಬೇಡಿ, ಅಂಕಿ ಎಷ್ಟೇ ಚೆನ್ನಾಗಿ ಬರಲಿ.

ಅಕಸ್ಮಾತ್ ಲಕ್ವ ಹೊಡೆದರೆ

ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗಿದೆಯಾ? ಎರಡೂ ಕೈ ಎತ್ತಲು ಹೇಳಿ, ಒಂದು ಜಾರುತ್ತಿದೆಯಾ? ಮಾತು ತೊದಲುತ್ತಿದೆಯಾ? ಒಂದೇ ಒಂದು ಇದ್ದರೂ 108ಕ್ಕೆ ಫೋನ್ ಮಾಡಿ. ಎರಡು ನಿಮಿಷದಲ್ಲಿ ಸರಿಹೋದರೂ ಹೋಗಲೇಬೇಕು. ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಎಣ್ಣೆ ತಿಕ್ಕುತ್ತಾ, ನಾಟಿ ಔಷಧಿಗೆ ಅಲೆಯುತ್ತಾ ಹೊತ್ತು ಕಳೆಯಬೇಡಿ.

ನೀರನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಕೊಡಬೇಡಿ, ನಾಳ ಒಡೆದಿದ್ದರೆ ರಕ್ತಸ್ರಾವ ಇನ್ನೂ ಜಾಸ್ತಿಯಾದೀತು. ಬಿಪಿ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಅವರು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ನೆನಪು ಮಾಡಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದೇ ಅದನ್ನು. ಅವರ ಮಾತ್ರೆ ಚೀಟಿ, ಆ ಬಿಪಿ ಪುಸ್ತಕ ಎರಡನ್ನೂ ಕೈಯಲ್ಲಿ ಹಿಡಿದು ಆಂಬುಲೆನ್ಸ್ ಹತ್ತಿ.