ದೀರ್ಘ ಚಾರಣ ಹಾದಿಯನ್ನು ಮೊದಲು ಪೂರೈಸಿದವರನ್ನು ಗುರುತಿಸುವುದು ಹೇಗೆ?

ಹೆಸರು ಹುಡುಕುವ ಮೊದಲು ಯಾವ ಬಗೆಯ ನಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಎಂಬುದನ್ನು ನಿರ್ಧರಿಸಿಕೊಳ್ಳಿ. ಅಮೆರಿಕದ ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 3,500 ಕಿ.ಮೀ. ಸಾಗುವ ಅಪಲೇಚಿಯನ್ ಹಾದಿಯನ್ನೇ ನೋಡಿ: ಹಲವು ವರ್ಷಗಳಲ್ಲಿ ಭಾಗಭಾಗವಾಗಿ ನಡೆದು 1936ರಲ್ಲಿ ಪೂರೈಸಿದವರು ಮೈರನ್ ಏವರಿ, ಒಂದೇ ಯಾತ್ರೆಯಲ್ಲಿ ಮುಗಿಸಿದ್ದಾಗಿ 1948ರಲ್ಲಿ ಮೊದಲು ವರದಿ ಮಾಡಿದವರು ಅರ್ಲ್ ಶಾಫರ್, 1955ರಲ್ಲಿ 67ರ ವಯಸ್ಸಿನಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಮೊದಲ ಮಹಿಳೆ ಎಮ್ಮಾ ಗೇಟ್‌ವುಡ್. ಮೂವರೂ ಮೊದಲಿಗರೇ, ಒಬ್ಬರ ಸಾಧನೆ ಇನ್ನೊಬ್ಬರದನ್ನು ಅಳಿಸುವುದಿಲ್ಲ.

ಬಳಿಕ ಆ ಕಾಲದ ನಕ್ಷೆಯನ್ನು ಹುಡುಕಿ. ಶಾಫರ್ ಹೊರಟಾಗ ದಕ್ಷಿಣದ ತುದಿ ಓಗಲ್‌ಥಾರ್ಪ್ ಬೆಟ್ಟದಲ್ಲಿತ್ತು. 1958ರಲ್ಲಿ ಅದನ್ನು ಸ್ಪ್ರಿಂಗರ್ ಬೆಟ್ಟಕ್ಕೆ ಬದಲಾಯಿಸಲಾಯಿತು. ಇಂದಿನ ನಕ್ಷೆಯಿಂದ ಅಂದಿನ ನಡಿಗೆಯನ್ನು ಅಳೆಯುವುದು ಅನ್ಯಾಯವೇ ಸರಿ.

ಹೆಚ್ಚು ಸಮಯ ಬೇಡುವುದು ಪುರಾವೆಯ ಪರಿಶೀಲನೆ. ಶಾಫರ್ ಅವರ ಮಾತನ್ನು ಮೊದಲು ಅನುಮಾನಿಸಿದ ಹಾದಿಯ ಸಂಘಟನೆಯವರು, ಅವರ ದಿನಚರಿ ಮತ್ತು ಛಾಯಾಚಿತ್ರದ ಸ್ಲೈಡ್‌ಗಳನ್ನು ನೋಡಿ, ಪ್ರಶ್ನೆಗಳನ್ನು ಕೇಳಿದ ಮೇಲೆ ಒಪ್ಪಿಕೊಂಡರು. ಆದರೆ ಅದೇ ದಿನಚರಿಯನ್ನು ಮತ್ತೆ ಓದಿದ ಸಂಶೋಧಕರೊಬ್ಬರು, ಅವರು ಕೆಲವು ಭಾಗಗಳನ್ನು ಬಿಟ್ಟಿದ್ದರೆಂದು 2011ರಲ್ಲಿ ವಾದಿಸಿದರು. ಹಾಗಾಗಿ ಪ್ರತಿ ರಾತ್ರಿ ತಂಗಿದ ಜಾಗವನ್ನು ಹಳೆಯ ನಕ್ಷೆಯಲ್ಲಿ ಗುರುತಿಸಿ, ಎರಡು ತಂಗುದಾಣಗಳ ನಡುವಿನ ದೂರವನ್ನು ಒಂದು ದಿನದಲ್ಲಿ ನಡೆಯಲು ಸಾಧ್ಯವಿತ್ತೇ ಎಂದು ನೋಡಿ. ವಾಹನ ಹತ್ತಿದ, ದಾರಿ ತಪ್ಪಿದ, ರಸ್ತೆಯಲ್ಲೇ ಮುಂದುವರಿದ ಉಲ್ಲೇಖಗಳನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ವಿವಾದ ಉಳಿದಿದ್ದರೆ ‘ಮೊದಲು ವರದಿಯಾದ ನಡಿಗೆ’ ಎಂದೇ ಬರೆದು, ಆಕ್ಷೇಪವನ್ನೂ ಪಕ್ಕದಲ್ಲಿ ದಾಖಲಿಸಿ.