ಚಾರ್ಟ್‌ನಲ್ಲಿ ಥಾಯ್ಲೆಂಡ್ ಸಾಲು

ಬೆಂಗಳೂರಿನಲ್ಲಿ ನಾನು ಶಾಲೆಯ ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಒಂದು ಸಂಜೆ ಪ್ರಾಕ್ಟೀಸ್ ಮುಗಿಸಿ ಶೂ ಬಿಚ್ಚುವಾಗ ಒಬ್ಬಳು ಕೇಳಿದಳು: "ಮಿಸ್, ನಮ್ಮ ಇಂಡಿಯಾ ಹುಡುಗಿಯರ ಟೀಮು ಏಷ್ಯಾದಲ್ಲಿ ಎಷ್ಟನೇದು?" ಗಂಡಸರ ತಂಡ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ನನಗೆ ಬಾಯಿಪಾಠ. ಹೆಣ್ಣುಮಕ್ಕಳ ತಂಡದ ವಿಷಯ ಬಂದಾಗ ಬಾಯಿ ಕಟ್ಟಿತು. ಅದು ನನಗೆ ತುಂಬಾ ಚುಚ್ಚಿತು. ಮಾರನೇ ದಿನವೇ ಎರಡು ಚಾರ್ಟ್ ಪೇಪರ್ ತಂದೆ.

ಮೊದಲು ವರ್ಷ, ಟೂರ್ನಿ, ಸ್ಥಾನ ಎಂದು ಮೂರೇ ಕಾಲಂ ಹಾಕಿದ್ದೆ. ಏಷ್ಯನ್ ಚಾಂಪಿಯನ್‌ಶಿಪ್‌ನಿಂದ (ಈಗಿನ ಏಷ್ಯನ್ ಕಪ್) ಶುರು ಮಾಡಿದೆ. ನೋಡಿದರೆ ಆಶ್ಚರ್ಯ! ನಾವು ಎರಡು ಸಲ ರನ್ನರ್ಸ್ ಅಪ್, ಒಂದು ಸಲ ಮೂರನೇ ಸ್ಥಾನ. ಮೊದಲನೆಯದು ನಮ್ಮ ಪಕ್ಕದ ಕೇರಳದ ಕಲ್ಲಿಕೋಟೆಯಲ್ಲೇ. ಆಮೇಲೆ 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇದು, 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್. ಆ ಕಾಲದ ಆಟಗಾರ್ತಿ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್‌ನಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರು.

ಇಲ್ಲೇ ತೊಡಕು ಶುರುವಾಯಿತು. ಕಲ್ಲಿಕೋಟೆಯ ಟೂರ್ನಿಯನ್ನು ಕೆಲವು ಕಡೆ 1979 ಎಂದು ಬರೆದಿದ್ದಾರೆ, ಕೆಲವು ಕಡೆ 1980. ಆಟ ನಡೆದದ್ದು 1980ರ ಜನವರಿಯಲ್ಲಿ. ಅದು ಗೊತ್ತಿಲ್ಲದೆ ನಾನು ಒಂದೇ ಟೂರ್ನಿಯನ್ನು ಎರಡು ಸಾಲಿನಲ್ಲಿ ಬರೆದುಬಿಟ್ಟಿದ್ದೆ. ದಕ್ಷಿಣ ಏಷ್ಯಾ ದೇಶಗಳ ಟೂರ್ನಿಯಾದ ಸ್ಯಾಫ್ 2016 ಕೂಡ ಹಾಗೇ. ಸಿಲಿಗುರಿಯಲ್ಲಿ ಡಿಸೆಂಬರ್‌ನಲ್ಲಿ ಶುರುವಾಗಿ ಫೈನಲ್ ಆಗಿದ್ದು 2017ರ ಜನವರಿಯಲ್ಲಿ. ಹೀಗೆ ಪಟ್ಟಿ ಮಾಡುವವರು ಟೂರ್ನಿಯ ಹೆಸರಿನಲ್ಲಿರುವ ವರ್ಷ ಒಂದು ಕಡೆ, ಆಡಿದ ತಾರೀಖು ಇನ್ನೊಂದು ಕಡೆ ಬರೆದುಕೊಳ್ಳಿ. ತೈವಾನ್ ಮತ್ತು ಚೈನೀಸ್ ತೈಪೆ ಒಂದೇ ತಂಡ ಅನ್ನೋದೂ ನೆನಪಿರಲಿ.

ಇನ್ನೊಂದು ಕಾಲಂ ಬೇಕೇ ಬೇಕು ಅನ್ನಿಸಿತು: "ಯಾರ ಜೊತೆ ಆಡಿದ್ದು?" ನಮ್ಮ ಆ ಮೂರು ಪದಕದ ವರ್ಷಗಳಲ್ಲಿ ಚೀನಾ ಈ ಟೂರ್ನಿಗೆ ಬಂದೇ ಇರಲಿಲ್ಲ. ಅವರು ಬಂದದ್ದು 1986ರಲ್ಲಿ, ಬಂದ ಸಲವೇ ಕಪ್ ಎತ್ತಿದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಚೀನಾ ನಮಗೆ 16-0 ಹೊಡೆಯಿತು. ಅದನ್ನು ಬರೆಯುವಾಗ ಕೈ ತಡೆಯಿತು. ಮಕ್ಕಳು ನೋಡುವ ಗೋಡೆ ಅಲ್ವಾ? ಆದರೂ ಬರೆದೆ. 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಭೂತಾನ್ ಮೇಲೆ 18-0 ಗೆದ್ದದ್ದನ್ನು ಖುಷಿಯಿಂದ ಬರೆದ ಮೇಲೆ ಇದನ್ನು ಮುಚ್ಚಿಡುವುದು ಸರಿಯಲ್ಲ.

ಗೋಲಿನ ಮೊತ್ತ ಮಾತ್ರ ನೋಡಿದರೆ ಹೇಗೆ ಮೋಸ ಹೋಗುತ್ತೇವೆ ಅಂತ ಹುಡುಗಿಯರಿಗೆ ತೋರಿಸಲು 2014ರ ಇಂಚಾನ್ ಏಷ್ಯನ್ ಗೇಮ್ಸ್ ಸಾಲು ಚೆನ್ನಾಗಿದೆ. ಮೂರು ಪಂದ್ಯದಲ್ಲಿ ನಾವು 15 ಗೋಲು ಹೊಡೆದೆವು. ಕೇಳಲು ಎಷ್ಟು ಚೆಂದ! ಆದರೆ ಆ ಹದಿನೈದೂ ಮಾಲ್ಡೀವ್ಸ್ ಒಂದರ ಮೇಲೇ. ದಕ್ಷಿಣ ಕೊರಿಯಾ ಮತ್ತು ಥಾಯ್ಲೆಂಡ್ ಎರಡೂ ನಮಗೆ 10-0 ಹೊಡೆದವು.

ಸ್ಯಾಫ್ ಚಾಂಪಿಯನ್‌ಶಿಪ್ ಬರೆಯುವುದು ಸುಲಭ. 2010ರಿಂದ 2019ರವರೆಗೆ ಐದು ಸಲ ನಡೆಯಿತು, ಐದೂ ಸಲ ಕಪ್ ನಮ್ಮದೇ. 2022 ಮತ್ತು 2024ರಲ್ಲಿ ಕಠ್ಮಂಡುವಿನಲ್ಲಿ ಎರಡು ಸಲವೂ ಸೆಮಿಫೈನಲ್‌ನಲ್ಲಿ ನೇಪಾಳದ ಎದುರು ಸೋತೆವು, ಎರಡು ಸಲವೂ ಕಪ್ ಬಾಂಗ್ಲಾದೇಶಕ್ಕೆ ಹೋಯಿತು. ನಮ್ಮವರು ಕೆಟ್ಟು ಹೋದರು ಎಂದು ಕೆಲವರು ಹೇಳುತ್ತಾರೆ. ಅಕ್ಕಪಕ್ಕದವರು ನಿಜಕ್ಕೂ ಕಲಿತರು ಎಂದು ನನ್ನ ಅಭಿಪ್ರಾಯ.

ತುಂಬಾ ಯೋಚನೆಗೆ ಹಚ್ಚಿದ್ದು 2022ರ ಏಷ್ಯನ್ ಕಪ್. ಟೂರ್ನಿ ನಮ್ಮ ದೇಶದಲ್ಲೇ. ನವಿ ಮುಂಬೈಯಲ್ಲಿ ಇರಾನ್ ಜೊತೆ 0-0 ಡ್ರಾ ಆಯಿತು. ಜನವರಿ 23ರಂದು ಚೈನೀಸ್ ತೈಪೆ ಪಂದ್ಯಕ್ಕೆ ಮುಂಚೆ ತಂಡದಲ್ಲಿ ಕೋವಿಡ್ ಹಬ್ಬಿತು. ಕನಿಷ್ಠ 13 ಆಟಗಾರ್ತಿಯರು ಬೇಕಿತ್ತು, ಅಷ್ಟೂ ಜನ ಇರಲಿಲ್ಲ. ಟೂರ್ನಿಯಿಂದಲೇ ಹೊರಬಿದ್ದೆವು. ಆಡಿದ ಇರಾನ್ ಪಂದ್ಯವೂ ಲೆಕ್ಕದಿಂದ ಹೋಯಿತು. ಹಾಗಾದರೆ ಸ್ಥಾನ ಎಂದು ಏನು ಬರೆಯುವುದು? ಮೊದಲು ಸುಮ್ನೆ ಖಾಲಿ ಬಿಟ್ಟಿದ್ದೆ. "ಮಿಸ್, ಇಲ್ಲಿ ಮರೆತಿದ್ದೀರಾ?" ಎಂದು ಒಬ್ಬಳು ಕೇಳಿದಳು. ಆಮೇಲೆ ಆ 0-0 ಅನ್ನು ಪೆನ್ಸಿಲ್‌ನಲ್ಲಿ ಬರೆದು, ಪಕ್ಕದಲ್ಲಿ ಎರಡು ಸಾಲು ಕಾರಣ ಬರೆದೆ. ಇರಾನ್ ವಿರುದ್ಧ ತೊಂಬತ್ತು ನಿಮಿಷ ಓಡಿದ ಕಾಲುಗಳು ಅವು. ಲೆಕ್ಕಕ್ಕಿಲ್ಲ ಎಂದು ಪೂರ್ತಿ ಅಳಿಸಲು ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಎದುರಾಳಿಗಳ ಪ್ರಕಾರ ಇನ್ನೊಂದು ಚಾರ್ಟ್ ಮಾಡಿದೆ. ಇದೇ ಜಾಸ್ತಿ ಉಪಯೋಗಕ್ಕೆ ಬಂತು. ಥಾಯ್ಲೆಂಡ್ ಸಾಲು ನೋಡಿ. 1983ರ ಫೈನಲ್‌ನಲ್ಲಿ ಸೋಲು. 2014ರಲ್ಲಿ 10-0 ಸೋಲು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲೂ ಸೋಲು, ಆದರೆ 1-0. ಸ್ಥಾನದ ಕಾಲಂನಲ್ಲಿ ಇದು ಕಾಣುವುದೇ ಇಲ್ಲ. ಎರಡು ಏಷ್ಯನ್ ಗೇಮ್ಸ್‌ನಲ್ಲೂ ನಾವು ಗ್ರೂಪ್‌ನಲ್ಲೇ ಹೊರಬಿದ್ದವರು. ಹತ್ತು ಗೋಲಿನ ಅಂತರ ಒಂದಕ್ಕೆ ಇಳಿದದ್ದು ಈ ಸಾಲಿನಲ್ಲಿ ಮಾತ್ರ ಕಾಣುತ್ತದೆ.

2025ರಲ್ಲಿ ಏಷ್ಯನ್ ಕಪ್ ಅರ್ಹತಾ ಸುತ್ತು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ನಡೆಯಿತು. ಪ್ರತಿ ಪಂದ್ಯ ಆದ ಮೇಲೆ ಹುಡುಗಿಯರೇ ಪಾಯಿಂಟ್ಸ್ ಪಟ್ಟಿ ತುಂಬಿದರು. ಮಂಗೋಲಿಯಾ ಮೇಲೆ 13-0, ಟಿಮೋರ್ ಲೆಸ್ಟೆ ಮೇಲೆ 4-0, ಇರಾಕ್ ಮೇಲೆ 5-0. ಒಟ್ಟು 22 ಗೋಲು, ಕೊಟ್ಟದ್ದು ಒಂದೂ ಇಲ್ಲ. ಅದೇ ಪಟ್ಟಿಯಲ್ಲಿ ಥಾಯ್ಲೆಂಡ್ ಸಾಲನ್ನು ಕೂಡಿಸಿದರೆ ಅಲ್ಲೂ 9 ಪಾಯಿಂಟ್, ಅಲ್ಲೂ 22-0! ಕೂಡಿಸಿದ್ದು ತಪ್ಪಾಯಿತೇನೋ ಎಂದು ಮೂರು ಸಲ ಎಣಿಸಿದರು. ಗ್ರೂಪ್‌ನಿಂದ ಹೋಗುವುದು ಒಂದೇ ತಂಡ. ಫಿಫಾ ಪಟ್ಟಿಯಲ್ಲಿ ಆಗ ಥಾಯ್ಲೆಂಡ್ 46, ನಾವು 70.

ಜುಲೈ 5ರಂದು ಸಂಗೀತಾ ಬಾಸ್‌ಫೋರ್ ಎರಡು ಗೋಲು ಹೊಡೆದರು. ಥಾಯ್ಲೆಂಡ್ ನೆಲದಲ್ಲೇ ನಾವು 2-1 ಗೆದ್ದೆವು. ಅರ್ಹತಾ ಸುತ್ತು ಆಡಿ, ಗೆದ್ದು ಏಷ್ಯನ್ ಕಪ್‌ಗೆ ಹೋಗುವುದು ನಮ್ಮ ತಂಡಕ್ಕೆ ಅದೇ ಮೊದಲು. ಮರುದಿನ ಬೆಳಿಗ್ಗೆ ನಾನು ಮೈದಾನಕ್ಕೆ ಬರುವಷ್ಟರಲ್ಲಿ ಹುಡುಗಿಯರು ಚಾರ್ಟ್ ಮುಂದೆ ನಿಂತಿದ್ದರು. ಮೊದಲು ಪ್ರಶ್ನೆ ಕೇಳಿದವಳ ಕೈಗೇ ಹಸಿರು ಸ್ಕೆಚ್ ಪೆನ್ ಕೊಟ್ಟೆ. ಥಾಯ್ಲೆಂಡ್ ಸಾಲಿನ ಕೊನೆಗೆ ಅವಳು ನಿಧಾನವಾಗಿ, ಒತ್ತಿ ಬರೆದಳು: 2-1, ಗೆಲುವು.